ಸೀನುವಾನಳ ಹಾಜರಿ

ಸೀನುವಾನ್ ಪ್ರಾಣ ಬಿಟ್ಟ ಬೆಳಿಗ್ಗೆಯೂ ನಮ್ಮ ಶಾಲೆಯ ಲೆಕ್ಕದಲ್ಲಿ ಹಾಜರಿದ್ದಳು. ಆ ಹಾಜರಿಯನ್ನೇ ಹಿಡಿದುಕೊಂಡು ಅವಳ ಮಗಳನ್ನು ಜೈಲಿಗೆ ಹಾಕಿಸಲು ಹೊರಟರು. ಹಾಜರಿ ಹಾಕಿದವಳು ಬುವಾಕೇವ್, ಸೀನುವಾನಳ ಬೇಲಿಯಾಚೆಯ ಮನೆಯವಳು. ಅವಳ ಸುಳ್ಳನ್ನು ಎಲ್ಲರೂ ಕೇಳಿದ ಕೂಡಲೇ ನಂಬಿದರು. ಅದು ಸುಳ್ಳು ಎಂದು ಅವಳೇ ಬಾಯಿಬಿಟ್ಟು ಹೇಳಿದಾಗ ನಂಬುವವರು ಯಾರೂ ಇರಲಿಲ್ಲ. ಇದನ್ನೆಲ್ಲ ನಾವು, ಅವಳ ಸಹಪಾಠಿಗಳು, ಕಣ್ಣಾರೆ ಕಂಡೆವು.

ಸಹಪಾಠಿಗಳು ಎಂದದ್ದಕ್ಕೆ ನಗಬೇಡಿ. ಬಾನ್ ಸಾನ್ ಫಾಯ್ ಹಳ್ಳಿಯ ಹಿರಿಯರ ಶಾಲೆಗೆ ಅರವತ್ತು ದಾಟದವರನ್ನು ಸೇರಿಸಿಕೊಳ್ಳುವುದೇ ಇಲ್ಲ. ವಾರಕ್ಕೊಮ್ಮೆ ವಿಹಾರದ ಹಜಾರದಲ್ಲಿ ತರಗತಿ. ನೀಲಿ ಹತ್ತಿ ಅಂಗಿ ನಮ್ಮ ಸಮವಸ್ತ್ರ. ಬಾವುಟಕ್ಕೆ ವಂದಿಸಿ, ಹಾಜರಿ ಹೇಳಿ, ಚಾಪೆಯ ಮೇಲೆ ಕೂರುತ್ತಿದ್ದೆವು. ಕೆಲವರು ಅಕ್ಷರ ಕಲಿತರು, ಕೆಲವರು ಫೋನಿನಲ್ಲಿ ಮೊಮ್ಮಕ್ಕಳ ಮುಖ ನೋಡುವುದನ್ನು ಕಲಿತರು, ಮಂಡಿ ನೋವಿನವರು ಕೂತಲ್ಲೇ ಕೈಯಾಡಿಸಿ ಕುಣಿಯುವುದನ್ನು ಕಲಿತರು. ಜೀವಮಾನವಿಡೀ ಅಕ್ಕಿ ಗಿರಣಿಯಲ್ಲಿ, ಡಬ್ಬಿ ಹಣ್ಣಿನ ಕಾರ್ಖಾನೆಯಲ್ಲಿ, ರೈಲು ಗೇಟಿನಲ್ಲಿ ದುಡಿದು, ಇನ್ನು ನೀವು ಬೇಡ ಎನ್ನಿಸಿಕೊಂಡು ಮನೆಗೆ ಬಂದವರು ನಾವು. ವಾರಕ್ಕೊಂದು ದಿನ ಯಾರೋ ನಮ್ಮ ಹೆಸರು ಕೂಗುತ್ತಾರೆ, ನಾವು "ಬಂದಿದ್ದೀನಿ" ಅನ್ನುತ್ತೇವೆ. ಆ ಒಂದು ಮಾತಿಗಾಗಿಯೇ ಮಳೆಯಲ್ಲೂ ಹೋಗುತ್ತಿದ್ದೆವು.

ಹೋಗದಿದ್ದಾಗ ಹಾಜರಿ ಕದಿಯುತ್ತಿದ್ದೆವು. ಪಕ್ಕದವಳು ಬಾರದಿದ್ದರೆ ಅವಳ ದನಿ ಮಾಡಿ "ಬಂದಿದ್ದೀನಿ" ಅನ್ನುವುದು ನಮ್ಮ ಶಾಲೆಯ ದೊಡ್ಡ ಮೋಜು. ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತಳಾಗಿದ್ದ ರಚ್ಚನೀ ಟೀಚರಿಗೆ ಗೊತ್ತಾಗುತ್ತಿತ್ತು. ಗೊತ್ತಾಗದವಳಂತೆ ಗುರುತು ಹಾಕುತ್ತಿದ್ದಳು. ಆದರೆ ಗುರುತು ಕಡಿಮೆ ಬಿದ್ದವರಿಗೆ ವರ್ಷದ ಕೊನೆಯ ಪದವಿ ಸಮಾರಂಭದಲ್ಲಿ ಗೌನು ಇಲ್ಲ, ಇದರಲ್ಲಿ ಮಾತ್ರ ಅವಳದು ಕಟ್ಟುನಿಟ್ಟು.

ಸೀನುವಾನಳಿಗೆ ಆ ಗೌನಿನ ಹುಚ್ಚು. ಚಿಕ್ಕಂದಿನಲ್ಲಿ ತಮ್ಮಂದಿರನ್ನು ನೋಡಿಕೊಳ್ಳಲು ಶಾಲೆ ಬಿಟ್ಟವಳು ಅವಳು.

"ಗೌನು ಹಾಕ್ಕೊಂಡು ಒಂದು ಫೋಟೋ ತೆಗೆಸ್ಕೊಂಡೇ ಸಾಯೋದು ಕಣೇ," ಎಂದು ಬೇಲಿ ಹಿಡಿದುಕೊಂಡು ಬುವಾಕೇವಳಿಗೆ ಹೇಳುತ್ತಿದ್ದಳು. "ಹೆಣದ ಮುಂದೆ ಇಡೋಕೆ ಒಂದು ನೆಟ್ಟಗಿರೋ ಫೋಟೋ ಇಲ್ಲ. ಗುರುತಿನ ಚೀಟೀಲಿ ಕಳ್ಳಿ ಥರ ಕಾಣ್ತೀನಿ."

"ಇರೋ ಥರಾನೇ ಬಂದಿದ್ದೀಯ ಬಿಡು," ಎನ್ನುತ್ತಿದ್ದಳು ಬುವಾಕೇವ್. "ಹೀಗೆ ಅಣಬೆ ಅಣಬೆ ಅಂತ ಕಾಡು ಸುತ್ತಿದ್ರೆ ಗೌನಲ್ಲ, ಗೋಣಿಚೀಲಾನೂ ಕೊಡಲ್ಲ ನಿಂಗೆ."

"ನೀನಿದ್ದೀಯಲ್ಲ ಹಾಜರಿ ಹಾಕೋಕೆ."

ಕೊರೋನಾದ ಎರಡನೇ ವರ್ಷದ ದೊಡ್ಡ ಅಲೆ ಬಂದಾಗ ವಿಹಾರದ ಬಾಗಿಲು ಮುಚ್ಚಿತು. ಊರ ಬಾಯಿಗೆ ಬಿದಿರಿನ ಅಡ್ಡಗಂಬ ಬಿತ್ತು. ವಯಸ್ಸಾದವರು ಅಂಗಳ ದಾಟಬಾರದು, ಕಾಡಿಗೆ ಕಾಲಿಡಬಾರದು ಎಂದು ಊರ ಮುಖಂಡ ಇನ್‌ತಾ ಧ್ವನಿವರ್ಧಕದಲ್ಲಿ ಸಾರಿದ. ನಮ್ಮ ಕಡೆ ಊರ ಮುಖಂಡನನ್ನು ಎಲ್ಲರೂ ದೊಡ್ಡಪ್ಪ ಎಂದೇ ಕರೆಯುವುದು. ಅವನು ನಮ್ಮ ಕಣ್ಣೆದುರು ಚಡ್ಡಿಯಿಲ್ಲದೆ ಓಡಾಡಿದ್ದವನು ಎಂಬುದು ಬೇರೆ ಮಾತು.

ರಚ್ಚನೀ ಟೀಚರ್ ಆಗ ಒಂದು ಉಪಾಯ ಮಾಡಿದಳು. ದಿನಾ ಬೆಳಿಗ್ಗೆ ಧ್ವನಿವರ್ಧಕದಲ್ಲಿ ಬರುವ ರಾಷ್ಟ್ರಗೀತೆ ಮುಗಿದ ಮೇಲೆ ಇನ್‌ತಾನ ಷೆಡ್ಡಿನಲ್ಲಿರುವ ಮೈಕಿನ ಮುಂದೆ ಕೂತು ನಮ್ಮ ಹೆಸರು ಕೂಗುವುದು. ನಾವು ನಮ್ಮ ನಮ್ಮ ಅಂಗಳದಿಂದ ಏನಾದರೂ ಬಡಿದು ಇದ್ದೇವೆ ಎಂದು ತಿಳಿಸುವುದು. ಒಂದೇ ಬೀದಿಯ ಊರು. ಎಲ್ಲಿ ಬಡಿದರೂ ಎಲ್ಲರಿಗೂ ಕೇಳುತ್ತದೆ. ರೈಲು ಗೇಟಿನ ಮೂನ್ ತಾತ ಹಳಿಯ ತುಂಡೊಂದನ್ನು ನೇತುಹಾಕಿ ಬಡಿಯುತ್ತಿದ್ದ. ಬುವಾಕೇವಳದು ಅನ್ನ ಬೇಯಿಸುವ ಪಾತ್ರೆಯ ಮುಚ್ಚಳ. ಸೀನುವಾನ್ ಎಂದೋ ಮಾರಿದ ಎಮ್ಮೆಯ ಕೊರಳಿನ ಮರದ ಗಂಟೆಯನ್ನು ಅಲ್ಲಾಡಿಸುತ್ತಿದ್ದಳು. ಸದ್ದು ಕೇಳಿದರೆ ಸಾಕು, ಯಾರೆಂದು ಹೇಳಬಹುದಿತ್ತು.

"ಮೂನ್ ಅವರೇ, ಅಷ್ಟು ಜೋರಾಗಿ ಬೇಡ, ಚಿಯಾಂಗ್ ಮಾಯ್ ರೈಲು ಇಲ್ಲೇ ನಿಂತುಬಿಡುತ್ತೆ," ಎನ್ನುತ್ತಿತ್ತು ಟೀಚರಿನ ದನಿ ಕಂಬದ ಮೇಲಿಂದ. ನಾವು ನಮ್ಮ ನಮ್ಮ ಅಂಗಳದಲ್ಲಿ ಒಬ್ಬೊಬ್ಬರೇ ನಗುತ್ತಿದ್ದೆವು. ಹಾಜರಿ ಮುಗಿದ ಮೇಲೆ ಅಂದಿನ ಪಾಠ ಓದುತ್ತಿದ್ದಳು. ಇನ್‌ತಾ ಈ ಹಾಜರಿಯನ್ನು ಮೇಲಿನವರಿಗೆ ವರದಿ ಮಾಡಿ, ನಮ್ಮೂರಲ್ಲಿ ಹಿರಿಯರೆಲ್ಲ ಕ್ಷೇಮ ಎಂದು ಬೆನ್ನು ತಟ್ಟಿಸಿಕೊಂಡ. ಮನೆಮನೆಗೆ ಬಂದು ನೋಡುವ ಕೆಲಸ ಅಲ್ಲಿಗೆ ತಪ್ಪಿತು. ಸದ್ದು ಬಂದರೆ ಮನುಷ್ಯ ಇದ್ದಾನೆ ಎಂದಾಯಿತಲ್ಲ.

ಒಂದು ಬೆಳಿಗ್ಗೆ ಸೀನುವಾನಳ ಹೆಸರಿಗೆ ಸದ್ದು ಬರಲಿಲ್ಲ. ಟೀಚರ್ ಇನ್ನೊಮ್ಮೆ ಕೂಗಿದಳು. ಬುವಾಕೇವ್ ಬೇಲಿಯತ್ತ ನೋಡಿದಳು. ಮೆಟ್ಟಿಲ ಬಳಿ ಚಪ್ಪಲಿ ಇರಲಿಲ್ಲ. ಗೋಡೆಗೆ ತೂಗುಹಾಕಿರುತ್ತಿದ್ದ ಬುಟ್ಟಿಯೂ ಇರಲಿಲ್ಲ. ಬಾಗಿಲು ಹಾಕಿತ್ತು. ಕಳ್ಳಿ ಕಾಡಿಗೆ ಹೋಗಿದ್ದಾಳೆ, ಮಳೆ ಬಿದ್ದ ಮಾರನೇ ದಿನ ಅವಳನ್ನು ಹಿಡಿಯುವವರಿಲ್ಲ, ಎಂದುಕೊಂಡಳು. ಕಾಡಿಗೆ ಹೋದದ್ದು ಗೊತ್ತಾದರೆ ದಂಡ, ಹಾಜರಿ ತಪ್ಪಿದರೆ ಗೌನು ಹೋಯಿತು. ಮೂರನೇ ಸಲ ಹೆಸರು ಬರುವಷ್ಟರಲ್ಲಿ ಒರಳಿನ ಒನಕೆ ತಂದು ಮನೆಯ ಮರದ ಕಂಬಕ್ಕೆ ಟೊಕ್ ಟೊಕ್ ಎಂದು ಬಡಿದಳು.

ಮರದ ಗಂಟೆಯ ಸದ್ದಿಗೂ ಒನಕೆಯ ಸದ್ದಿಗೂ ಇರುವ ವ್ಯತ್ಯಾಸ ನಮಗೆಲ್ಲ ಗೊತ್ತಾಯಿತು. ಮೂನ್ ತಾತ ಅವಳಿಗೆ ಫೋನೂ ಮಾಡಿದ.

"ಏನೇ, ಸೀನುವಾನಳ ಗಂಟೆಗೆ ನೆಗಡಿ ಆಗಿದೆಯಾ?"

"ಬಾಯಿ ಮುಚ್ಕೊಂಡಿರೋ ಮುದುಕ. ಬಂದಾಗ ನಿಂಗೂ ಒಂದು ಹಿಡಿ ಅಣಬೆ ಕೊಡಿಸ್ತೀನಿ."

ಮಾರನೇ ದಿನವೂ ಹಾಗೇ ಆಯಿತು. ಅದರ ಮಾರನೇ ದಿನವೂ. ಕಾಡಂಚಿನ ತಂಗಿಯ ಮನೆಯಲ್ಲೇ ಉಳಿದಿರಬೇಕು, ಅಡ್ಡಗಂಬದವರ ಕಣ್ಣು ತಪ್ಪಿಸಿ ವಾಪಸು ಬರಲಾಗದೆ ಸಿಕ್ಕಿಕೊಂಡಿರಬೇಕು ಎಂದು ಬುವಾಕೇವ್ ಲೆಕ್ಕ ಹಾಕಿದಳು. ಜೋರಾಗಿ ಕೂಗಿ ಕರೆಯುವ ಹಾಗಿರಲಿಲ್ಲ. ಇಲ್ಲ ಎಂಬುದು ಬೀದಿಗೆಲ್ಲ ಗೊತ್ತಾಗುತ್ತಿತ್ತು. ಬೇಲಿ ದಾಟುವ ಹಾಗಿರಲಿಲ್ಲ, ಇನ್‌ತಾನ ಆಜ್ಞೆಯಿತ್ತು. ಆದ್ದರಿಂದ ದಿನವೂ ಮೊದಲು ಮುಚ್ಚಳ ಬಡಿದಳು, ಆಮೇಲೆ ಒನಕೆ ಬಡಿದಳು. ಬರಬರುತ್ತಾ ಒನಕೆಯ ಪೆಟ್ಟು ಗಂಟೆಯ ಸದ್ದಿಗೆ ಹತ್ತಿರ ಬಂತು. ನಾವು ನಗುವುದನ್ನೂ ಬಿಟ್ಟೆವು, ಅಭ್ಯಾಸವಾಗಿ ಹೋಯಿತು.

ಕೊನೆಗೊಂದು ಬೆಳಿಗ್ಗೆ ಹಾಜರಿ ಮುಗಿದು ಧ್ವನಿವರ್ಧಕ ಸುಮ್ಮನಾಗುತ್ತಿದ್ದಂತೆ ಸೀನುವಾನಳ ಮನೆಯ ಕಿಟಕಿ ತೆರೆಯಿತು. ಕಿಟಕಿಯಲ್ಲಿ ನಿಂತಿದ್ದವಳು ಸೀನುವಾನ್ ಅಲ್ಲ, ಅವಳ ಮಗಳು ಪಿಂಪಾ. ಬ್ಯಾಂಕಾಕಿನಲ್ಲಿ ಕಟ್ಟಡ ಕೆಲಸದ ಶಿಬಿರದಲ್ಲಿ ಇರಬೇಕಾದವಳು.

"ದೊಡ್ಡಮ್ಮ," ಎಂದಳು, ದನಿ ಒಡೆದಿತ್ತು. "ಅಮ್ಮ ಏಳ್ತಿಲ್ಲ."

ಬುವಾಕೇವಳ ಕೈಯಲ್ಲಿ ಇನ್ನೂ ಒನಕೆ ಇತ್ತು.

ಇದ್ದಾಗ ಬಾರದ ಗಾಡಿ ಸತ್ತ ಮೇಲೆ ಎಷ್ಟು ಬೇಗ ಬಂತು ನೋಡಿ. ಮಧ್ಯಾಹ್ನದೊಳಗೆ ಬಿಳಿ ಉಡುಪಿನವರು ಬಂದರು, ಹೆಣವನ್ನು ಚೀಲಕ್ಕೆ ಹಾಕಿದರು, ಊರಿಗೆಲ್ಲ ಹೊಗೆ ಬರುವ ಗಾಳಿಯಲ್ಲೇ ಸುಟ್ಟರು. ಭಿಕ್ಷು ಒಬ್ಬರು ದೂರದ ಮರದ ಕೆಳಗೆ ನಿಂತು ಮಂತ್ರ ಹೇಳಿದರಂತೆ. ನಾವ್ಯಾರೂ ಇರಲಿಲ್ಲ. ತನ್ನೂರಿನಲ್ಲಿ ಹುಟ್ಟಿ, ತನ್ನೂರಿನ ಗಿರಣಿಯಲ್ಲಿ ಬೆನ್ನು ಬಾಗಿಸಿ, ತನ್ನೂರಿನಲ್ಲೇ ಸತ್ತವಳ ಸುತ್ತ ತನ್ನೂರಿನ ಒಂದು ಮುಖವೂ ಇರಲಿಲ್ಲ. ಪಿಂಪಾಳಿಗೂ ಸೋಂಕು ಇದೆಯೆಂದು ಮನೆಗೆ ಹಗ್ಗ ಬಿಗಿದರು. ಅವಳ ಫೋನನ್ನು ಸೋಂಕಿನ ವಸ್ತು ಎಂದು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಒಯ್ದರು.

ಸಂಜೆ ಇನ್‌ತಾ ಧ್ವನಿವರ್ಧಕದಲ್ಲಿ ಮಾತಾಡಿದ. ಮೊದಲೇ ಬಾಯಿಪಾಠ ಮಾಡಿಕೊಂಡವನ ಹಾಗೆ ಎಲ್ಲೂ ತಡವರಿಸಲಿಲ್ಲ.

"ಬಂಧುಗಳೇ, ಗಾಬರಿ ಬೇಡ. ಬ್ಯಾಂಕಾಕಿಂದ ಕದ್ದು ಬಂದು ಯಾರಿಗೂ ತಿಳಿಸದೆ ಮನೇಲಿ ಅಡಗಿದ್ದ ಒಬ್ಬಳಿಂದ ಈ ಅನಾಹುತ ಆಗಿದೆ. ಅವಳ ಮೇಲೆ ಪೊಲೀಸರಿಗೆ ದೂರು ಹೋಗಿದೆ. ಸೀನುವಾನ್ ಅಜ್ಜಿ ಇವತ್ತು ಬೆಳಿಗ್ಗೆವರೆಗೂ ಗಟ್ಟಿಮುಟ್ಟಾಗಿದ್ರು. ಹಾಜರಿ ಕೊಟ್ಟಿದ್ದಾರೆ, ನೀವೆಲ್ಲ ಕೇಳಿದ್ದೀರಿ. ಮೊದಲಿಂದ ಹುಷಾರಿರಲಿಲ್ಲ, ಸಹಾಯ ಕೇಳಿದ್ವಿ, ಯಾರೂ ಬರಲಿಲ್ಲ ಅಂತ ಯಾರಾದ್ರೂ ಹೇಳಿದ್ರೆ ಅದು ಶುದ್ಧ ಸುಳ್ಳು."

ಬುವಾಕೇವ್ ಅಂಗಳದಲ್ಲಿ ನಿಂತು ಇದನ್ನು ಕೊನೆಯವರೆಗೂ ಕೇಳಿದಳು. ಆಮೇಲೆ ಬೇಲಿಯ ಬಳಿ ಹೋದಳು. ಪಿಂಪಾ ಕಿಟಕಿಯಲ್ಲೇ ಕೂತಿದ್ದಳು, ಹಣೆಯನ್ನು ಸರಳಿಗೆ ಒತ್ತಿಕೊಂಡು.

"ಯಾವಾಗ ಬಂದೆ ಮಗಳೇ?"

"ಶಿಬಿರ ಮುಚ್ಚಿದ್ರು ದೊಡ್ಡಮ್ಮ. ಬೀಗ ಹಾಕೋಕೆ ಮುಂಚೆ ತರಕಾರಿ ಲಾರಿ ಹತ್ತಿದೆ. ಅಮ್ಮಾನೇ ಚಪ್ಪಲಿ ಬುಟ್ಟಿ ಎಲ್ಲ ಒಳಗೆ ತಗೊಂಡ್ಲು, ಯಾರೂ ಮಾತಾಡ್ಸೋಕೆ ಹತ್ರ ಬರದಿರಲಿ ಅಂತ. ಏಳೋಕಾಗೋವರೆಗೂ ಗಂಟೆ ಒಳಗಿಂದಾನೇ ಅಲ್ಲಾಡಿಸಿದ್ಲು. ಎರಡು ವಾರ ಬಾಗಿಲು ಹಾಕ್ಕೊಂಡಿದ್ರೆ ಕಳೀತದೆ, ಆಮೇಲೆ ಹೇಳಿದ್ರಾಯ್ತು ಅಂದ್ಲು." ಅವಳು ಕೆಮ್ಮಿದಳು. "ಅಮ್ಮಂಗೆ ಜ್ವರ ಬಂದ ದಿನಾನೇ ನಾನು ಸಹಾಯವಾಣಿಗೆ ಮಾಡ್ದೆ. ಹೆಸರು ಬರ್ಕೊಂಡಿದ್ದೀವಿ, ಕಾಯಿರಿ ಅಂದ್ರು. ದಿನಾ ಮಾಡ್ದೆ, ದಿನಾ ಕಾಯಿರಿ. ಇನ್‌ತಾ ದೊಡ್ಡಪ್ಪಂಗೂ ಮಾಡ್ದೆ."

"ಏನಂದ?"

"ಬಾಯಿ ಬಿಡಬೇಡ ಅಂದ. ಊರಲ್ಲಿ ಜ್ವರ ಅಂತ ಗೊತ್ತಾದ್ರೆ ಹಣ್ಣಿನ ವ್ಯಾಪಾರಿಗಳು ಬರಲ್ಲ, ತೋಟದಲ್ಲೇ ಎಲ್ಲಾ ಕೊಳೀತದೆ, ಊರಿನ ಶಾಪ ನಿಂಗೇ ತಟ್ಟತದೆ ಅಂದ. ನಾನು ನೋಡ್ಕೋತೀನಿ, ಸುಮ್ನಿರು ಅಂದ."

ಬುವಾಕೇವ್ ಬೇಲಿಯ ಕೋಲನ್ನು ಹಿಡಿದುಕೊಂಡಳು. "ನನ್ನ ಯಾಕೆ ಕರೀಲಿಲ್ಲ? ಇಲ್ಲೇ ಇದ್ದೆನಲ್ಲೇ. ಒಂದು ಸಲ ಕೂಗಿದ್ರೆ ಸಾಕಿತ್ತು."

ಪಿಂಪಾ ಆಗ ತಲೆ ಎತ್ತಿ ಅವಳನ್ನು ನೋಡಿದಳು. ಆ ನೋಟದಲ್ಲಿ ಕೋಪವಿದ್ದಿದ್ದರೆ ಬುವಾಕೇವ್ ತಾಳಿಕೊಳ್ಳುತ್ತಿದ್ದಳು. ಬರೀ ಅಚ್ಚರಿಯಿತ್ತು.

"ಕರೀತೀನಿ ಅಂದೆ ದೊಡ್ಡಮ್ಮ. ಅಮ್ಮಾನೇ ಬೇಡ ಅಂದ್ಲು. ಮೊದಲನೇ ದಿನ ನೀವು ಅವಳ ಹಾಜರಿ ಹಾಕಿದ್ರಲ್ಲ, ಮಲಗಿದ್ದಲ್ಲೇ ಕೇಳಿ ನಕ್ಕಳು. ನೋಡು, ಬುವಾಕೇವಂಗೆ ಗೊತ್ತಾಗಿದೆ ನಾನು ಏಳೋಕಾಗ್ತಿಲ್ಲ ಅಂತ, ಅದಕ್ಕೇ ಹಾಕ್ತಿದ್ದಾಳೆ. ಗೊತ್ತಾದ ಮೇಲೆ ಸುಮ್ನಿರೋಳಲ್ಲ ಅವಳು, ಯಾರನ್ನಾದ್ರೂ ಕಳಿಸ್ತಾಳೆ, ನೀನು ಕಿರುಚಿ ಊರು ಸೇರಿಸಬೇಡ ಅಂದ್ಲು. ದಿನಾ ಬೆಳಿಗ್ಗೆ ಆ ಸದ್ದಿಗೇ ಕಾಯೋಳು. ಬಂದ ಮೇಲೆ, ಇವತ್ತು ಬರ್ತಾರೆ, ಅನ್ನೋಳು."

ನಂತರ ಬುವಾಕೇವ್ ನಮಗೆ ಹೇಳಿದ್ದು ಇಷ್ಟೇ: ಕಿವಿಯ ಒಳಗೆ ಒನಕೆ ಬಡಿಯುತ್ತಿತ್ತು, ಪಿಂಪಾಳ ಮಿಕ್ಕ ಮಾತು ಕೇಳಿಸಲಿಲ್ಲ.

ಅಲ್ಲಿಂದ ನೇರವಾಗಿ ಇನ್‌ತಾನ ಷೆಡ್ಡಿಗೆ ನಡೆದಳು. ಅಂಗಳ ದಾಟಿದ್ದು ಅದೇ ಮೊದಲು. ಷೆಡ್ಡಿನಲ್ಲಿ ಇನ್‌ತಾ ಇದ್ದ, ಮಾರನೇ ದಿನದ ಪಾಠ ಜೋಡಿಸುತ್ತಾ ರಚ್ಚನೀ ಟೀಚರೂ ಇದ್ದಳು.

"ಮೈಕು ಕೊಡು," ಎಂದಳು ಬುವಾಕೇವ್.

"ಅಜ್ಜಿ, ನೀವು ಹೀಗೆ ಮನೆ ಬಿಟ್ಟು ಬರಬಾರದು," ಎಂದ ಇನ್‌ತಾ. "ನಿಮ್ಮ ಒಳ್ಳೇದಕ್ಕೇ ಮಾಡಿರೋ ನಿಯಮ."

"ಸೀನುವಾನಳ ಒಳ್ಳೇದು ಮಾಡಿದ್ದು ನೋಡಿ ಬಂದೆ ದೊಡ್ಡಪ್ಪ. ಮೈಕು ಕೊಡು. ಆ ಹಾಜರಿ ಹಾಕಿದ್ದು ನಾನು. ದಿನಾ ನಾನೇ. ಅವಳು ಅಷ್ಟೂ ದಿನ ಜ್ವರದಲ್ಲಿ ಮಲಗಿದ್ಲು. ಅದನ್ನ ಊರಿಗೆ ಹೇಳಬೇಕು."

ಇನ್‌ತಾ ಮೈಕಿನ ತಂತಿಯನ್ನು ಕಿತ್ತು ಕೈಗೆ ಸುತ್ತಿಕೊಂಡ. ಅವಸರವಿಲ್ಲದೆ, ಮಡಿಸಿ ಇಡುವವನ ಹಾಗೆ.

ಬುವಾಕೇವ್ ಟೀಚರಿನ ಕಡೆ ತಿರುಗಿದಳು. "ನೀವಾದ್ರೂ ಹೇಳಿ ಟೀಚರ್. ಅದು ಗಂಟೆ ಸದ್ದಲ್ಲ ಅಂತ ನಿಮಗೆ ಗೊತ್ತಿತ್ತಲ್ಲ."

ರಚ್ಚನೀ ಟೀಚರ್ ಕನ್ನಡಕ ತೆಗೆದು ಒರೆಸಿದಳು. "ನಾನು ಹೆಸರು ಕೂಗಿದೆ, ಸದ್ದು ಬಂತು, ಗುರುತು ಹಾಕಿದೆ. ಬಡಿದವರು ಯಾರು ಅಂತ ಇಲ್ಲಿಂದ ನನಗೆ ಕಾಣಲ್ಲ ಬುವಾಕೇವ್."

"ಕಾಣಲ್ಲ, ಸರಿ. ಕೇಳುತ್ತಲ್ಲ?"

"ಹಾಜರಿ ಸುಳ್ಳು ಅಂತ ಮೇಲಕ್ಕೆ ಹೋದ್ರೆ ಶಾಲೆ ಮುಚ್ಚಿಸ್ತಾರೆ." ಅವಳ ದನಿ ಇಳಿಯಿತು. "ಮೂವತ್ತು ಜನಕ್ಕೆ ಬೆಳಗಾದರೆ ಇರೋದು ಅದೊಂದೇ. ಸೀನುವಾನ್ ಅಂತೂ ವಾಪಸು ಬರಲ್ಲ."

"ಅವಳ ಮಗಳು ಇದ್ದಾಳಲ್ಲ."

ಟೀಚರ್ ಕನ್ನಡಕ ಹಾಕಿಕೊಳ್ಳಲಿಲ್ಲ. ಒರೆಸುತ್ತಲೇ ಇದ್ದಳು.

ಇನ್‌ತಾ ಮೆತ್ತಗೆ ನಕ್ಕ. "ಅಜ್ಜಿ, ಪೊಲೀಸರು ಕೇಳ್ತಾರೆ ಅಂತಾನೇ ಇಟ್ಕೊಳ್ಳಿ. ಇವತ್ತು ಬೆಳಿಗ್ಗೆವರೆಗೂ ಊರಿಗೆಲ್ಲ ಸುಳ್ಳು ಹೇಳ್ದೆ ಅಂತ ನೀವೇ ಒಪ್ಕೋತಿದ್ದೀರಿ. ಈಗ ಹೇಳೋದು ಮಾತ್ರ ನಿಜ ಅಂತ ನಂಬೋರು ಯಾರು? ಆ ಹುಡುಗಿ ನನಗೆ ಫೋನು ಮಾಡಿದ್ದು ಹೌದು. ಅಮ್ಮ ಚೆನ್ನಾಗಿದ್ದಾಳೆ ಅಂದ್ಲು. ಹಾಜರಿಯೂ ಅದನ್ನೇ ಹೇಳ್ತಿದೆ. ನಾಳೆ ಬೆಳಿಗ್ಗೆ ಅವಳನ್ನ ಪಟ್ಟಣದ ಆರೈಕೆ ಶಿಬಿರಕ್ಕೆ ಒಯ್ತಾರೆ, ಗುಣ ಆದ ಮೇಲೆ ಠಾಣೆಗೆ. ನೀವು ಮನೆಗೆ ಹೋಗಿ ಬಿಸಿನೀರು ಕುಡೀರಿ."

ನಮಗೆ ಪಾಠ ಹೇಳಿಕೊಟ್ಟ ಲೋಕ ಇದೇ. ಮುದುಕಿಯ ಸುಳ್ಳು ಅವರಿಗೆ ಅನುಕೂಲವಾದಾಗ ಅದು ದಾಖಲೆ. ಅವಳ ನಿಜ ಅನಾನುಕೂಲವಾದಾಗ ಅದು ಅರಳುಮರಳು.

ಅವಳು ಮನೆಗೆ ಹೋಗಲಿಲ್ಲ. ಬೀದಿಯುದ್ದಕ್ಕೂ ನಮ್ಮ ಒಂದೊಂದು ಗೇಟಿನ ಮುಂದೆಯೂ ನಿಂತಳು. ನಾಳೆ ಠಾಣೆಗೆ ನಡೆದು ಹೋಗುತ್ತೇನೆ, ಒಬ್ಬಳು ಹೇಳಿದರೆ ಅರಳುಮರಳು ಅಂತಾರೆ, ಕೇಳಿದವರು ಜೊತೆಗೆ ಬನ್ನಿ ಅಂದಳು. ನಮ್ಮಲ್ಲಿ ಕೆಲವರು ಮಂಡಿ ತೋರಿಸಿದರು. ಕೆಲವರು ಮಾಸ್ಕಿನ ಒಳಗೇ ಏನೋ ಗೊಣಗಿದರು. ತೋಟವಿದ್ದವರಲ್ಲಿ ಹೆಚ್ಚಿನವರು ಬಾಗಿಲನ್ನೇ ತೆರೆಯಲಿಲ್ಲ. ಕಿಟಕಿಯ ಪರದೆ ಅಲುಗಿದ್ದು ಅವಳಿಗೂ ಕಂಡಿತು.

ಬೆಳಿಗ್ಗೆ ಐವರು ಹೊರಟೆವು, ನೀಲಿ ಅಂಗಿ ತೊಟ್ಟು, ಒಬ್ಬರಿಂದೊಬ್ಬರು ದೂರ ದೂರ. ಅಂಗಿಯ ಬಗ್ಗೆ ಯಾರೂ ಯಾರಿಗೂ ಹೇಳಿರಲಿಲ್ಲ. ಬೇರೆ ಒಳ್ಳೆಯ ಅಂಗಿ ನಮ್ಮಲ್ಲಿ ಇರಲಿಲ್ಲ. ನಾವು ಹೊರಡುವಷ್ಟರಲ್ಲಿ ಪಿಂಪಾಳನ್ನು ಬಿಳಿ ಗಾಡಿ ಒಯ್ದಾಗಿತ್ತು.

ಊರ ಬಾಯಿಯ ಅಡ್ಡಗಂಬದ ಬಳಿ ಸೊಮ್‌ಪಾನ್ ಕೂತಿದ್ದ. ಊರಿಗೆಲ್ಲ ರಕ್ತದೊತ್ತಡ ನೋಡುವ ಆರೋಗ್ಯ ಸ್ವಯಂಸೇವಕ. ಅವನಿಗೂ ಐವತ್ತು ದಾಟಿದೆ.

"ಎಲ್ಲಿಗೆ ಮೆರವಣಿಗೆ?"

"ಠಾಣೆಗೆ," ಎಂದ ಮೂನ್ ತಾತ. "ಕಂಬ ಎತ್ತು."

"ಎತ್ತೋಕಾಗಲ್ಲ ತಾತ. ಅರವತ್ತು ದಾಟಿದವರು ಹೊರಗೆ ಹೋಗೋ ಹಾಗಿಲ್ಲ. ನಿಮಗೇನಾದ್ರೂ ಆದ್ರೆ ನನ್ನ ಕೇಳ್ತಾರೆ."

"ಸೀನುವಾನಳಿಗೆ ಆಯ್ತು. ಯಾರು ನಿನ್ನ ಕೇಳಿದ್ರು?" ಎಂದಳು ಬುವಾಕೇವ್.

ಸೊಮ್‌ಪಾನ್ ಮುಖ ಆಚೆ ತಿರುಗಿಸಿದ. ಅವನು ಕೆಟ್ಟವನಲ್ಲ. ಕೆಟ್ಟವರಲ್ಲದವರನ್ನೇ ಹುಡುಕಿ ಇಂಥ ಕಡೆ ಕೂರಿಸುತ್ತಾರೆ.

ಅಷ್ಟರಲ್ಲಿ ಊರ ಒಳಗಿನಿಂದ ಲಾರಿ ಬಂತು. ಲಮ್ಯಾಯ್ ಹಣ್ಣಿನ ಬುಟ್ಟಿಗಳನ್ನು ಆಳೆತ್ತರ ಪೇರಿಸಿದ ಲಾರಿ, ಮೇಲೆ ಒದ್ದೆ ಗೋಣಿ ಹೊದಿಸಿತ್ತು. ಸೊಮ್‌ಪಾನ್ ತಟ್ಟನೆ ಎದ್ದು ಅಡ್ಡಗಂಬ ಎತ್ತಿದ. ಚಾಲಕನನ್ನು ಒಂದು ಮಾತೂ ಕೇಳಲಿಲ್ಲ. ಹಣ್ಣಿಗೆ ವಯಸ್ಸಿನ ಮಿತಿಯಿಲ್ಲ, ಹಣ್ಣಿಗೆ ಜ್ವರವಿಲ್ಲ. ಹಣ್ಣು ಎಲ್ಲಿಗೆ ಬೇಕಾದರೂ ಹೋಗಬಹುದು.

ಬುವಾಕೇವ್ ನಡುರಸ್ತೆಗೆ ಹೋಗಿ, ಎರಡೂ ಕೈ ನೆಲಕ್ಕೂರಿ, ನಿಧಾನಕ್ಕೆ ಕೂತಳು. ಅವಳಿಗೂ ಮಂಡಿ ನೋವಿತ್ತು.

ಚಾಲಕ ಹಾರ್ನ್ ಹೊಡೆದ. ಆಮೇಲೆ ತಲೆ ಹೊರಗೆ ಹಾಕಿದ. "ಅಜ್ಜಿ, ಏಳಿ. ಬಿಸಿಲೇರಿದ್ರೆ ಹಣ್ಣೆಲ್ಲ ಬೆಂದು ಹೋಗ್ತದೆ."

"ಬೇಯಲಿ."

"ದೊಡ್ಡಮ್ಮ, ನಂಗೆ ತೊಂದರೆ ಮಾಡಬೇಡಿ," ಎಂದ ಸೊಮ್‌ಪಾನ್.

"ಪೊಲೀಸರನ್ನ ಕರಿ. ನನ್ನ ಹೇಳಿಕೆ ಬರ್ಕೊಳ್ಳೋವರೆಗೂ ಏಳಲ್ಲ. ನೀನು ಎತ್ತಬೇಕಂದ್ರೆ ಮುಟ್ಟಬೇಕಾಗುತ್ತೆ. ಸೀನುವಾನಳ ಪಕ್ಕದ ಮನೆಯೋಳು ನಾನು. ಮುಟ್ಟು ನೋಡೋಣ."

ಅವನು ಮುಟ್ಟಲಿಲ್ಲ. ಮೂನ್ ತಾತ ಅವಳಿಂದ ನಾಲ್ಕು ಮಾರು ದೂರದಲ್ಲಿ ಕೂತ. ಉಳಿದ ಮೂವರು ರಸ್ತೆಯಂಚಿನಲ್ಲಿ ನಿಂತೇ ಇದ್ದೆವು. ಹಿಂದಿನಿಂದ ಇನ್ನೊಂದು ಲಾರಿ ಬಂದು ನಿಂತಿತು, ಅದರ ಹಿಂದೆ ಮತ್ತೊಂದು. ಚಾಲಕರು ಫೋನು ಹಚ್ಚಿದರು. ಬುಟ್ಟಿಗಳ ಸಂದಿನಿಂದ ಸಿಹಿ ವಾಸನೆ ಬರಲು ಶುರುವಾಯಿತು, ನೊಣಗಳೂ ಬಂದವು.

ಪಿಂಪಾ ದಿನವೂ ಬೇಡಿಕೊಂಡಾಗ ಬಾರದಿದ್ದ ಸರ್ಕಾರ ಹಣ್ಣಿಗಾಗಿ ಬಂತು. ಬೆವರು ಆರುವ ಮೊದಲೇ ಬಂತು. ಜೀಪಿನಲ್ಲಿ ಒಬ್ಬ ಸಬ್ ಇನ್‌ಸ್ಪೆಕ್ಟರ್, ಮೋಟಾರ್ ಸೈಕಲ್ಲಿನಲ್ಲಿ ವ್ಯಾಪಾರಿಯ ಕಡೆಯವನು, ಊರ ಕಡೆಯಿಂದ ಏದುಸಿರು ಬಿಡುತ್ತಾ ಇನ್‌ತಾ.

"ಅವರಿಗೆ ತಲೆ ಸರಿಯಿಲ್ಲ ಸಾರ್," ಎಂದ ಇನ್‌ತಾ. "ಗೆಳತಿ ಹೋದ ದುಃಖ."

"ಏನಜ್ಜಿ ನಿಮ್ಮ ಗೋಳು?" ಎಂದ ಸಬ್ ಇನ್‌ಸ್ಪೆಕ್ಟರ್, ಲಾರಿಗಳ ಸಾಲನ್ನು ನೋಡುತ್ತಾ.

"ಗೋಳಲ್ಲ, ಹೇಳಿಕೆ. ಬರ್ಕೊ."

ಅವನು ಜೀಪಿನ ಮೂತಿಯ ಮೇಲೆ ಕಾಗದ ಇಟ್ಟುಕೊಂಡು ಬರೆದ. ಅವಳು ಕೂತಲ್ಲಿಂದಲೇ ಹೇಳಿದಳು, ಒಂದೊಂದಾಗಿ: ಒನಕೆ, ಕಂಬ, ಗೌನು, ಒಳಗೆ ಮಲಗಿದ್ದವಳು, ಮಗಳು ಯಾರ ಯಾರಿಗೆ ಫೋನು ಮಾಡಿದಳು, ಇನ್‌ತಾ ಏನು ಉತ್ತರ ಕೊಟ್ಟ. ಇನ್‌ತಾ ನಡುವೆ ಬಾಯಿ ಹಾಕಿದಾಗ ವ್ಯಾಪಾರಿಯ ಕಡೆಯವನೇ ಗದರಿದ: "ಸುಮ್ನಿರಯ್ಯ, ಬೇಗ ಮುಗೀಲಿ."

"ಆಯ್ತಾ? ಏಳಿ," ಎಂದ ಸಬ್ ಇನ್‌ಸ್ಪೆಕ್ಟರ್.

"ಬರೆದಿದ್ದನ್ನ ಓದು."

ಅವನು ನಿಟ್ಟುಸಿರು ಬಿಟ್ಟು ಓದಿದ. "ಮೃತಳ ನೆರೆಮನೆಯವಳಾದ, ದುಃಖದಿಂದ ಮತಿ ಕಲಕಿದ ಬುವಾಕೇವ್ ಎಂಬ ವೃದ್ಧೆಯು ಹ..."

"ನಿಲ್ಸು. ಮತಿ ಕಲಕಿದ ಅಂತ ನಾನು ಹೇಳಿದ್ನಾ?"

"ಅದು ಹಾಗೇ ಬರೆಯೋದು ಅಜ್ಜಿ, ರೂಢಿ."

"ಹೊಡೆದು ಹಾಕು."

"ಒಂದು ಪದಕ್ಕೆ ಏನಾಗುತ್ತೆ?"

"ಆ ಪದ ಇದ್ರೆ ಕೆಳಗಿರೋದು ಯಾವುದೂ ಇಲ್ಲದ ಹಾಗೆ. ಹೊಡೆದು ಹಾಕು, ಏಳ್ತೀನಿ."

ಮೂರೂ ಲಾರಿಗಳು ಒಟ್ಟಿಗೆ ಹಾರ್ನ್ ಹೊಡೆದವು. ಅವನು ಇನ್‌ತಾನ ಮುಖ ನೋಡಿದ, ವ್ಯಾಪಾರಿಯ ಕಡೆಯವನ ಮುಖ ನೋಡಿದ, ಪೆನ್ನು ತೆಗೆದು ಗೀಟು ಎಳೆದ. ಎಳೆದದ್ದನ್ನು ಕಾಗದ ತಿರುಗಿಸಿ ಅವಳಿಗೆ ತೋರಿಸಿದ.

"ಈ ಸದ್ದು ಬೇರೆ ಯಾರಿಗಾದ್ರೂ ಗೊತ್ತಿತ್ತಾ?"

"ನಂಗೆ ಗೊತ್ತಿತ್ತು," ಎಂದ ಮೂನ್ ತಾತ. "ಮೊದಲನೇ ದಿನಾನೇ. ತಮಾಷೆ ಮಾಡ್ದೆ."

ಸಬ್ ಇನ್‌ಸ್ಪೆಕ್ಟರ್ ರಸ್ತೆಯಂಚಿನ ನಮ್ಮ ಮೂವರನ್ನು ನೋಡಿದ. ಒಬ್ಬರು ಹೌದೆಂದು ತಲೆಯಾಡಿಸಿದರು. ಇಬ್ಬರು ನೆಲ ನೋಡಿದರು. ಆ ಇಬ್ಬರ ಮನೆಯ ಹಣ್ಣೂ ಆ ಲಾರಿಗಳಲ್ಲಿತ್ತು.

"ಆದೇಶ ಮೀರಿ ಹೊರಗೆ ಬಂದು ರಸ್ತೆ ತಡೆದಿದ್ದಕ್ಕೆ ನಿಮ್ಮ ಮೇಲೆ ಕೇಸು ಆಗುತ್ತೆ ಅಜ್ಜಿ, ಗೊತ್ತಿರಲಿ," ಎಂದ ಅವನು, ಕಾಗದ ಮಡಿಸುತ್ತಾ.

"ಹಾಕು. ಕೇಸು ಅಂದ್ಮೇಲೆ ನ್ಯಾಯಾಧೀಶರ ಮುಂದೆ ನಿಲ್ಲಿಸ್ತೀರಲ್ಲ, ಅಲ್ಲೂ ಇದನ್ನೇ ಹೇಳ್ತೀನಿ. ನೀನು ಮರೆಯದೆ ಹಾಕು."

ಏಳಲು ಅವಳಿಗೆ ಆಗಲಿಲ್ಲ. ಮುಟ್ಟಬಾರದೆಂದು ಎಲ್ಲರೂ ದೂರ ನಿಂತಿದ್ದೆವು. ಕೊನೆಗೆ ಸೊಮ್‌ಪಾನ್ ಕೈಗವಸು ಕೂಡ ಹಾಕದೆ ಬಂದು, ಅವಳ ಕಂಕುಳಿಗೆ ಕೈಕೊಟ್ಟು ಎತ್ತಿದ. ಲಾರಿಗಳು ಒಂದರ ಹಿಂದೊಂದು ಹೊರಟವು. ಮೂನ್ ತಾತ ಧೂಳಿಗೆ ಕೆಮ್ಮಿದ. ಉಳಿದವರು ಅಭ್ಯಾಸದಂತೆ ಅವನಿಂದ ಒಂದು ಹೆಜ್ಜೆ ಹಿಂದೆ ಸರಿದರು.

"ಪಿಂಪಾಳನ್ನ ಯಾವ ಶಿಬಿರಕ್ಕೆ ಒಯ್ದಿದ್ದಾರೆ?" ಎಂದು ಬುವಾಕೇವ್ ಕೇಳಿದಳು.

ಸಬ್ ಇನ್‌ಸ್ಪೆಕ್ಟರಿಗೆ ಗೊತ್ತಿರಲಿಲ್ಲ. ಇನ್‌ತಾನಿಗೆ ಗೊತ್ತಿತ್ತು, ಹೇಳಲಿಲ್ಲ. ಜೀಪು ತಿರುಗಿಸಿಕೊಂಡು ಹೋಯಿತು. ಸೊಮ್‌ಪಾನ್ ಅಡ್ಡಗಂಬ ಇಳಿಸಿದ, ನಾವು ಒಳಗಡೆ ಉಳಿದೆವು.